ಚಾಪೆ ಹಾಸಿದ ಮೇಲೆ

ಒಡೆಯನಿಲ್ಲದ ದನ ಕಂಡವರ ಹೊಲಕ್ಕೆ ನುಗ್ಗುತ್ತದೆ, ಒಡೆಯನಿಲ್ಲದ ಮಾತು ಕಂಡವರ ಮನೆಗೆ ನುಗ್ಗುತ್ತದೆ. ಅದಕ್ಕೇ ತಿಮೋರಿನ ಬೆಟ್ಟದ ಮೇಲೆ ಕುಲಕ್ಕೊಬ್ಬ ಮಾತಿನೊಡೆಯ ಇರುತ್ತಾನೆ. ಹಾತುಲೆತೆಯಲ್ಲಿ ಅಗಾಪಿತು ಮಾತಿನೊಡೆಯನಾಗಿ ನಲವತ್ತು ವರ್ಷ ತುಂಬಿತ್ತು. ಬೆಳಗ್ಗೆ ಎದ್ದು ಜಪಮಾಲೆ ಮುಗಿಸಿ, ತೀರಿಹೋದ ಹಿರಿಯರು ನೆಲೆಸಿರುವ ಪವಿತ್ರವಾದ ಲುಲಿಕ್ ಮನೆಯ ಮೆಟ್ಟಿಲಿಗೆ ಅಡಿಕೆ ವೀಳ್ಯ ಇಟ್ಟು, ಆಮೇಲೆಯೇ ಅವನು ಕಾಫಿ ಕುಡಿಯುತ್ತಿದ್ದದ್ದು. ಏಸುವಿಗೂ ಹಿರಿಯರಿಗೂ ಅವನ ಅಂಗಳದಲ್ಲಿ ಎಂದೂ ಜಗಳ ಬಂದಿರಲಿಲ್ಲ. ಬಿಳಿಯರ ಕಾಲದಲ್ಲಿ, ಆಮೇಲೆ ಕಡಲಾಚೆಯ ಸೈನ್ಯ ಬಂದು ಕೂತ ಇಪ್ಪತ್ನಾಲ್ಕು ವರ್ಷಗಳಲ್ಲಿ, ಕೊನೆಗೆ ಸ್ವಂತ ಬಾವುಟ ಏರಿದ ಈ ನಾಲ್ಕು ವರ್ಷಗಳಲ್ಲಿ ಅವನು ಹಾಸಿದ ಚಾಪೆ ಒಂದೂ ಅರ್ಧಕ್ಕೆ ಎದ್ದದ್ದಿಲ್ಲ. ಎಮ್ಮೆಯ ಜಗಳ, ಗಡಿಕಲ್ಲಿನ ಜಗಳ, ಓಡಿಹೋದ ಹೆಂಡತಿಯ ಜಗಳ, ಎಲ್ಲವೂ ಆ ಚಾಪೆಯ ಮೇಲೆ ಬಂದು ಕೂತು, ಅತ್ತು, ಉಂಡು, ಮುಗಿದಿದ್ದವು.

ಕಟ್ಟಳೆ ಸರಳವಾದದ್ದು. ಜಗಳವಾಡಿದವರು, ನಡುವೆ ನಿಂತವರು ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಬೇಕು. ಕೈಯಲ್ಲಿದ್ದ ಆಯುಧ ಲುಲಿಕ್ ಮನೆಯ ಒಳಗೆ ಹೋಗಬೇಕು. ಆಡಿದ ಮಾತು ಮುಗಿದು, ಆಡಿದವರೆಲ್ಲ ಮರಳಿ ಬಂದು ಕೂತು, ಚಾಪೆ ಸುತ್ತುವವರೆಗೆ ಆ ಮನೆಯ ಬಾಗಿಲು ತೆಗೆಯುವಂತಿಲ್ಲ. ಕೂತವರು ಊರಿನ ಎಲ್ಲೆ ದಾಟುವಂತಿಲ್ಲ. ಹಾಸಿದವನಂತೂ ಹೆಣ ಬಿದ್ದರೂ ದಾಟುವಂತಿಲ್ಲ. ಉತ್ತರ ತರಲು ಹೋದವನೊಬ್ಬನಿಗೆ ಮಾತ್ರ ದಾರಿ ಬಿಡುತ್ತಾರೆ, ಅವನು ತನ್ನ ಮಾತನ್ನು ಒತ್ತೆ ಇಟ್ಟು ಹೋಗಿರುತ್ತಾನೆ ಎಂದು.

ಆ ವರ್ಷ ಈಸ್ಟರ್ ಕಳೆದ ಮೇಲೆ ಮೂವತ್ತೊಂದು ಮಂದಿ ಸೈನಿಕರು ಬಂದೂಕು ಸಮೇತ ಹಾತುಲೆತೆಗೆ ಹತ್ತಿ ಬಂದರು. ಮೂಡಲ ಸೀಮೆಯ ಮೇಲಧಿಕಾರಿಗಳು ತಮ್ಮವರಿಗೇ ಬಡ್ತಿ ಕೊಡುತ್ತಾರೆ, ಪಡುವಣದ ನಾವು ಹೊರೆ ಹೊರುವುದಕ್ಕೆ ಮಾತ್ರ ಎಂದು ದೂರು ಕೊಟ್ಟು ಪಾಳೆಯ ಬಿಟ್ಟವರು ಇವರು. ಸರ್ಕಾರ ಇವರ ಹೆಸರು ಹೊಡೆದುಹಾಕಿತ್ತು. ಮುಂದಾಳು ಸಾರ್ಜೆಂಟ್ ಕ್ರಿಶ್ಪಿನ್. ಅಗಾಪಿತುವಿನ ಒಬ್ಬಳೇ ಮಗಳು ಒತೀಲಿಯಾಳ ಗಂಡ. ಮಾವನ ಊರು ಎಂದೇ ಅವನು ಬಂದದ್ದು.

“ಎಷ್ಟು ದಿನ ಇರ್ತೀಯಪ್ಪ?” ಎಂದು ಅಗಾಪಿತು ಕೇಳಿದ.

“ಗೆಣಸು ಮುಗಿಯೋವರ್ಗೂ ಮಾವ,” ಎಂದ ಕ್ರಿಶ್ಪಿನ್. ಅವನ ಹಿಂದೆ ನಿಂತ ಜುವೆನ್ಸಿಯು ಎಂಬ ಸೈನಿಕ, “ಅಂದ್ರೆ ನಾಳೆವರ್ಗೂ. ಇವ್ನು ತಿನ್ನೋದು ನೀವು ನೋಡಿಲ್ಲ,” ಎಂದ. ಎಲ್ಲರೂ ನಕ್ಕರು. ನಗುವಾಗ ಅವರು ಸೈನಿಕರ ಹಾಗೆ ಕಾಣುತ್ತಿರಲಿಲ್ಲ, ಸಂತೆಗೆ ಹೊರಟ ಸೋದರಳಿಯಂದಿರ ಹಾಗೆ ಕಾಣುತ್ತಿದ್ದರು.

ಒಂದು ವಾರಕ್ಕೆ ರಾಜಧಾನಿ ದಿಲಿಯಿಂದ ಎರಡು ಬಿಳಿ ಗಾಡಿಗಳು ಬಂದವು. ಹೊಸ ನಾಡಿಗೆ ಶಾಲೆಯ ತಗಡು, ಆಸ್ಪತ್ರೆಯ ಮಂಚ ಕೊಟ್ಟ ದೊಡ್ಡ ದೇಶವೊಂದರ ರಾಯಭಾರಿ ತಾನಾಗಿ ಬಂದಿದ್ದ. ಜೊತೆಗೆ ದುಭಾಷಿ ಫ್ಲೊರೆನ್ಸಿಯು. ಐವತ್ತು ದಾಟಿದವನು, ಮೊದಲು ಮೇಷ್ಟ್ರಾಗಿದ್ದವನು. ರಾಯಭಾರಿ ಬೂಟು ಕಳಚಿ, ನೋವಿನ ಮಂಡಿ ಮಡಿಸಿ, ಚಾಪೆಯ ಮೇಲೆ ಕೂತ. ಹೆಂಗಸರು ನೇಯ್ದ ತಾಯಿಸ್ ವಸ್ತ್ರವನ್ನು ಅಗಾಪಿತು ಅವನ ಹೆಗಲಿಗೆ ಹೊದಿಸಿದ. ಹೊದಿಸಿಕೊಂಡವನು ಮನೆಯವನಾದ ಹಾಗೆ, ಅವನ ರಕ್ತ ನಮ್ಮದು, ನಮ್ಮದು ಅವನದು. ರಾಯಭಾರಿ ತಲೆ ಬಾಗಿಸಿ ಅದನ್ನು ಮುಟ್ಟಿ ನೋಡಿದ. ವೀಳ್ಯ ಜಗಿದ, ತುಟಿ ಕೆಂಪು ಮಾಡಿಕೊಂಡ.

ಹುಂಜ ಕೊಯ್ದು ಅಗಾಪಿತು ಶಕುನಕ್ಕೆ ಕರುಳು ನೋಡಿದ. ಅತಿಥಿಯ ಕಡೆಯ ನಾಳ ತುದಿಯಲ್ಲಿ ಸೀಳಿತ್ತು, ಮಾತು ಮುರಿಯುವ ಗುರುತು. ಅಂಥ ನಾಳ ಕಂಡು ನಲವತ್ತು ವರ್ಷಗಳಲ್ಲಿ ಎರಡು ಸಲ ಅವನು ಬಂದವರನ್ನು ಕೈಮುಗಿದು ವಾಪಸು ಕಳಿಸಿದ್ದ. ಆದರೆ ಆ ಎರಡು ಸಲ ಬಂದವರು ಎಮ್ಮೆ ಕಳ್ಳರು. ಇವತ್ತು ತನ್ನ ಚಾಪೆಯ ಮೇಲೆ ಕಡಲು ದಾಟಿ ಬಂದ ದೇಶವೊಂದು ಕೂತಿದೆ, ಸುತ್ತ ಏಳು ಊರಿನ ಜನ ನೋಡುತ್ತಿದ್ದಾರೆ. ಅಗಾಪಿತು ಕರುಳನ್ನು ಎಲೆಯ ಮೇಲೆ ಮಡಿಸಿಟ್ಟು, “ಚೆನ್ನಾಗಿದೆ,” ಎಂದ.

ರಾಯಭಾರಿ ಆಡಿದ ಮಾತು ಇಷ್ಟು: ಸರ್ಕಾರ ಇವರ ದೂರು ಕೇಳುವಂತೆ ತಾನು ಮಾಡುತ್ತೇನೆ. ಐದನೇ ದಿನ ಉತ್ತರ ತರುತ್ತೇನೆ. ತನ್ನ ದೇಶದ ಬಾವುಟ ಕಟ್ಟಿದ ಗಾಡಿಗಳಲ್ಲಿ ಇವರನ್ನು ದಿಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಯಾರೂ ಬಂದೂಕು ಮುಟ್ಟಬಾರದು.

ಮೂವತ್ತೊಂದು ಬಂದೂಕು ಒಂದೊಂದಾಗಿ ಲುಲಿಕ್ ಮನೆಯೊಳಗೆ ಹೋದವು. ಬಿದಿರಿನ ಬಾಗಿಲಿಗೆ ಅಗಾಪಿತು ಎಳೆ ತೆಂಗಿನ ಗರಿ ಕಟ್ಟಿದ. ಎಲ್ಲರೂ ಒಂದೇ ಬುಟ್ಟಿಯಿಂದ ಮಾಂಸ ಉಂಡರು. ರಾಯಭಾರಿ ಹೋಗುವಾಗ ಆಕಾಶದ ಮೂಲಕ ಮಾತಾಡುವ ದಪ್ಪ ಫೋನೊಂದನ್ನು ಅಗಾಪಿತುವಿನ ಕೈಗಿಟ್ಟ.

ಎರಡನೇ ದಿನ ದಿಲಿಯಲ್ಲಿ ಗುಂಡು ಹಾರಿತು ಎಂದು ರೇಡಿಯೊ ಹೇಳಿತು. ಮೂರನೇ ದಿನ ಪರದೇಶದ ಹೆಂಗಸರು ಮಕ್ಕಳು ವಿಮಾನ ಹತ್ತಿದರು ಎಂದಿತು. ಆಮೇಲೆ ರೇಡಿಯೊ ಭಜನೆ ಹಾಕಿತು. ನಾಲ್ಕನೇ ದಿನ ಮಧ್ಯಾಹ್ನ ಕೆಳಗಿನ ಊರಿನವನೊಬ್ಬ ಏದುಸಿರು ಬಿಡುತ್ತ ಬಂದು, ಹೊಳೆಯ ದಂಡೆಯಲ್ಲಿ ಎರಡು ಲಾರಿ ನಿಂತಿವೆ, ಮೈತುಂಬ ಬಂದೂಕಿನವರು, ಮುಖಕ್ಕೆ ಬಟ್ಟೆ ಕಟ್ಟಿದ್ದಾರೆ, ಹಾತುಲೆತೆಯ ದಾರಿ ಕೇಳುತ್ತಿದ್ದಾರೆ ಎಂದ.

ಅಗಾಪಿತು ಫೋನು ಒತ್ತಿದ.

“ಸಾಹೇಬ್ರು ಮೀಟಿಂಗಲ್ಲಿದಾರೆ ಅಜ್ಜ,” ಎಂದ ಫ್ಲೊರೆನ್ಸಿಯು.

“ನಿನ್ನೇನೂ ಅದೇ ಅಂದೆ.”

“ನಿನ್ನೆದು ಬೇರೆ ಮೀಟಿಂಗು.”

“ಹೊಳೆ ಹತ್ರ ಎರಡು ಲಾರಿ ಬಂದ್ ನಿಂತಿವೆ ಕಣಯ್ಯ. ಬಂದೂಕಿನವ್ರು. ನಮ್ಮ ದಾರೀನೇ ಕೇಳ್ತಿದಾರೆ. ಹೋಗಿ ಹೇಳು.”

ಅತ್ತ ಕಡೆ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಯಾರೋ ಮೆಲ್ಲನೆ ಮಾತಾಡಿದರು. ಒಂದು ಚಮಚ ಬಟ್ಟಲಿಗೆ ತಾಗಿತು. ಫ್ಲೊರೆನ್ಸಿಯು ಮರಳಿ ಬಂದು, ಬರೆದದ್ದನ್ನು ಓದುವವನ ಹಾಗೆ ಹೇಳಿದ: “ಪರಿಸ್ಥಿತೀನ ಹತ್ರದಿಂದ ಗಮನಿಸ್ತಿದೀವಿ. ಎರಡೂ ಕಡೆಯವ್ರು ಸಂಯಮದಿಂದ ಇರ್ಬೇಕು ಅಂತ ಕೇಳ್ಕೊಂಡಿದೀವಿ.”

“ಎರಡೂ ಕಡೆ ಯಾವ್ದು? ಒಂದ್ ಕಡೆಯವ್ರ ಹತ್ರ ಬಂದೂಕಿದೆ. ಇನ್ನೊಂದ್ ಕಡೆಯವ್ರು ಇಲ್ಲಿ ಗೆಣಸು ಸುಲೀತಾ ಕೂತಿದಾರೆ.”

“ಎರಡೂ ಕಡೆ ಅನ್ನೋದು ಪದ್ಧತಿ ಅಜ್ಜ. ನಿಮ್ಗೆ ಹೇಗೆ ಚಾಪೆಯೋ ಅವ್ರಿಗೆ ಹಾಗೆ ಅದು.”

“ನಾಳೆ ಐದನೇ ದಿನ. ಬರ್ತಾರೋ ಇಲ್ವೋ?”

“ದಾರಿ ಸರಿಯಿಲ್ಲ ಅಂತಿದಾರೆ.” ಫ್ಲೊರೆನ್ಸಿಯು ಕಾಗದ ಮಗುಚಿದ ಸದ್ದಾಯಿತು. “ಇನ್ನೊಂದ್ ಮಾತು ಹೇಳಕ್ಕೆ ಹೇಳಿದಾರೆ. ನಿಮ್ಮೋರು ಬಂದೂಕು ವಾಪಸ್ ತಗೊಂಡ್ರೆ ಆಮೇಲೆ ನಮ್ ಜವಾಬ್ದಾರಿ ಇರಲ್ಲ ಅಂತೆ.”

“ನನ್ ಕೈಯಿಂದ ಬಟ್ಟೆ ಹೊದ್ದಿದಾರೆ ಅವ್ರು. ಅದನ್ನ ನೆನಪ್ ಮಾಡು.”

ಫ್ಲೊರೆನ್ಸಿಯುವಿನ ದನಿ ಈಗ ಓದುವವನ ದನಿಯಾಗಿರಲಿಲ್ಲ. “ಅಜ್ಜ, ಅಂಥ ಬಟ್ಟೆ ಇಲ್ಲಿ ಒಂದು ಬೀರು ತುಂಬ ಇದೆ,” ಎಂದು ಫೋನು ಇಟ್ಟ.

ಈ ಕೊನೆಯ ಮಾತನ್ನು ಅಗಾಪಿತು ಯಾರಿಗೂ ಹೇಳಲಿಲ್ಲ. ಹೊರಗೆ ಬಂದು, “ತಾಳ್ಮೆಯಿಂದ ಇರಿ ಅಂದಿದಾರೆ,” ಎಂದ.

ಕ್ರಿಶ್ಪಿನ್ ಗೆಣಸಿನ ಸಿಪ್ಪೆ ಒರೆಸಿಕೊಂಡು ಎದ್ದ. “ಮಾವ, ಬಾಗ್ಲು ತೆಗೀರಿ.”

“ಚಾಪೆ ಹಾಸಿದೆಯಪ್ಪ.”

“ಹಾಸಿದೆ. ಅವ್ರು ಬರ್ತಿರೋದು ಕೂತ್ಕೊಳ್ಳೋಕಲ್ಲ.”

“ನಾಳೆ ಸಂಜೆವರ್ಗೂ ಅವರ ಮಾತು ಬದುಕಿದೆ. ಬದುಕಿರೋ ಮಾತನ್ನ ಹೂಳೋಕಾಗುತ್ತಾ?”

ಮೂವತ್ತೊಂದು ಜನರಿಗೆ ಒಂದು ಬಿದಿರಿನ ಬಾಗಿಲು ಯಾವ ಲೆಕ್ಕ? ಒಂದು ಒದೆತಕ್ಕೆ ಹಾರಿಹೋಗುತ್ತಿತ್ತು. ಜುವೆನ್ಸಿಯು ಹತ್ತು ಹೆಜ್ಜೆ ಹತ್ತಿರ ಹೋದ. ಗರಿಯ ಗಂಟನ್ನು ನೋಡಿದ. “ನಮ್ಮಜ್ಜಿ ಇದನ್ನ ಕಂಡ್ರೆ ಮಾರು ದೂರ ನಿಲ್ಲೋಳು. ನಾನು ಯಾವ ಗಂಡಸು?” ಎಂದು ನಕ್ಕು ಹಿಂದೆ ಬಂದ. ಬಂದೂಕು ಹಿಡಿಯಲು ಕಲಿಯುವ ಮೊದಲೇ ಅವರೆಲ್ಲ ಆ ಗಂಟಿಗೆ ಹೆದರಲು ಕಲಿತಿದ್ದರು. ಬೇರೆ ಯಾವ ನಾಡಿನ ಸೈನ್ಯವೂ ಮಾಡದ ತಪ್ಪು ಅದು. ನಂಬಿದವರ ತಪ್ಪನ್ನು ದೇವರು ಯಾವ ಪುಟದಲ್ಲಿ ಬರೆಯುತ್ತಾನೋ ಬಲ್ಲವರಿಲ್ಲ.

ಹದಿನಾಲ್ಕು ಜನ ನೀರು ತರುವ ನೆಪದಲ್ಲಿ ಕೊಡ ಹಿಡಿದು ಕಾಫಿ ತೋಟದ ಕಡೆ ಇಳಿದವರು ಮರಳಿ ಬರಲಿಲ್ಲ. ಎಲ್ಲೆ ದಾಟಿದರು. ಅವರು ಇವತ್ತಿಗೂ ಬದುಕಿದ್ದಾರೆ, ಮಕ್ಕಳು ಮರಿ ಮಾಡಿಕೊಂಡಿದ್ದಾರೆ. ಹದಿನೇಳು ಜನ ಉಳಿದರು.

ಒತೀಲಿಯಾ ಅಡುಗೆ ಮನೆಯ ಹೊಗೆಯಿಂದ ಎದ್ದು ಬಂದು ಅಪ್ಪನ ಮುಂದೆ ಕೂತಳು. ಸೊಂಟದ ಮೇಲೆ ಆರು ತಿಂಗಳ ಮಗು.

“ಅಪ್ಪ, ಅವ್ನಿಗೆ ಹೋಗು ಅನ್ನು.”

“ನಾನ್ಯಾಕಮ್ಮ ಅನ್ಲಿ? ಅವನ ಕಾಲಿಗೆ ನಾನು ಹಗ್ಗ ಕಟ್ಟಿದೀನಾ?”

“ಕಟ್ಟಿದೀಯ. ನಿಂಗೂ ಗೊತ್ತು. ಹೆಣ್ಣು ಕೊಟ್ಟ ಮನೆ ನೀರಿನ ಬುಗ್ಗೆ, ಹೆಣ್ಣು ತಂದ ಮನೆ ಕೆಳಗಿನ ಗದ್ದೆ ಅಂತ ಮದುವೇಲಿ ನೀನೇ ಹೇಳ್ದೆ. ಗದ್ದೆ ಬುಗ್ಗೇನ ದಾಟುತ್ತಾ? ನಿನ್ ಮಾತು ಮುರಿಯೋದಕ್ಕಿಂತ ಅವ್ನು ಸಾಯ್ತಾನೆ. ನೀನ್ ಹೋಗು ಅಂದ್ರೆ ಹೋಗ್ತಾನೆ. ಒಂದ್ ಮಾತು, ಅಷ್ಟೇ.”

“ಅಳಿಯಂಗೆ ಒಂದು ನ್ಯಾಯ, ಉಳಿದೋರ್ಗೆ ಒಂದಾ?”

“ಎಲ್ರಿಗೂ ಹೇಳು. ಯಾರ್ ಬೇಡ ಅಂದ್ರು?”

ಅಗಾಪಿತು ಜಪಮಾಲೆ ಬೆರಳಲ್ಲಿ ಹೊರಳಿಸಿದ. ಅವನ ಎದೆಯಲ್ಲಿ ಎರಡು ಇದ್ದವು. ಒಂದಕ್ಕೆ ನಂಬಿಕೆ ಎಂದು ಹೆಸರು. ಇನ್ನೊಂದು ಅದರ ಹಾಗೇ ಉಡುಗೆ ಉಟ್ಟುಕೊಂಡು, ಅದರ ಪಕ್ಕದಲ್ಲೇ ಕೂತಿತ್ತು. ನಾಳೆ ಬಿಳಿ ಗಾಡಿಗಳು ಬಂದಾಗ, ಬರಿಯ ಚಾಪೆ ಕಂಡು ಆ ದೊಡ್ಡ ಮನುಷ್ಯ ಏನೆಂದುಕೊಳ್ಳುತ್ತಾನೆ? ನಲವತ್ತು ವರ್ಷದಲ್ಲಿ ಮೊದಲ ಸಲ ಹಾತುಲೆತೆಯ ಚಾಪೆ ಅರ್ಧಕ್ಕೆ ಎದ್ದಿತು ಎಂದು ದಿಲಿಯಲ್ಲಿ ಆಡಿಕೊಳ್ಳುತ್ತಾರೆ.

“ದೇವ್ರಿದಾನೆ ಮಗ್ಳೆ,” ಎಂದ.

“ದೇವ್ರು ಅವ್ನಿಗೆ ಮಾವ ಅಲ್ಲ,” ಎಂದಳು ಒತೀಲಿಯಾ. ಮಗುವನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು ಎದ್ದುಹೋದಳು.

ಐದನೇ ದಿನ ಬೆಳಗ್ಗೆ, ಕಾಫಿ ಗಿಡದ ಮಂಜು ಆರುವ ಹೊತ್ತಿಗೆ, ಅಗಾಪಿತುವೂ ಉಳಿದ ಹದಿನೇಳು ಜನರೂ ಚಾಪೆಯ ಮೇಲೆ ಕೂತು ಉತ್ತರಕ್ಕೆ ಕಾಯುತ್ತಿದ್ದಾಗ, ಲಾರಿಗಳು ಬಂದವು. ಲಾರಿಯವರು ಯಾರ ಕಡೆಯವರೆಂದು ಇವತ್ತಿಗೂ ಯಾರೂ ಹೇಳಿಲ್ಲ. ಆ ದಿನಗಳಲ್ಲಿ ಬಂದೂಕು ಯಾರ ಯಾರ ಕೈಗೆ ಹೋಗಿತ್ತೋ ದೇವರಿಗೇ ಗೊತ್ತು. ಮುಂದಾಳು ನಲವತ್ತರ ಆಸುಪಾಸಿನವನು. ಮುಖದ ಬಟ್ಟೆ ಕೆಳಗೆಳೆದು, ಬಾಗಿ, ಅಗಾಪಿತುವಿನ ಕೈಗೆ ಮುತ್ತಿಟ್ಟ.

“ಆಶೀರ್ವಾದ ಮಾಡಿ ಅಜ್ಜ.”

ಅಭ್ಯಾಸ ಬಲದಿಂದ ಅಗಾಪಿತುವಿನ ಕೈ ಅವನ ತಲೆಯ ಮೇಲೆ ಹೋಯಿತು.

“ಬಂದೂಕು ಒಳಗಿದಾವಾ?”

“ಒಳಗಿದಾವೆ. ಇವತ್ತು ರಾಯಭಾರಿಗಳು ಬರ್ತಾರೆ. ಚಾಪೆ ಹಾಸಿದೆ.”

“ಕಾಣ್ತಾ ಇದೆ ಅಜ್ಜ.” ಅವನ ಬೂಟಿನ ತುದಿ ಚಾಪೆಯಂಚಿಗೆ ಒಂದು ಗೇಣು ಉಳಿಸಿ ನಿಂತಿತ್ತು. “ನಮ್ಮಮ್ಮನೂ ಬೆಟ್ಟದೋಳೇ. ಚಾಪೆ ಮೇಲೆ ಕೂತೋರ ಮೇಲೆ ನಾನು ಕೈ ಮಾಡಲ್ಲ. ಆ ಪಾಪ ನಂಗ್ ಬೇಡ.” ಆಮೇಲೆ ಹದಿನೇಳು ಜನರ ಕಡೆ ತಿರುಗಿ, “ಇಳೀರಪ್ಪ ಕೆಳಗೆ,” ಎಂದ.

ಯಾರೂ ಅಲುಗಾಡಲಿಲ್ಲ. ಎಲ್ಲರೂ ಅಗಾಪಿತುವಿನ ಮುಖ ನೋಡಿದರು.

“ಅಜ್ಜನ್ ಮುಖ ಯಾಕ್ ನೋಡ್ತೀರಿ? ಅವ್ರು ಹಾಸಿರೋರು. ಅವ್ರನ್ನ ಮೊದ್ಲು ಎತ್ತಿ ಇಳಿಸ್ಬೇಕಾ?” ಎಂದು ಅವನು ಬಂದೂಕಿನ ಹಿಡಿಯನ್ನು ಮುದುಕನ ಭುಜದ ಮೇಲೆ ಇಟ್ಟ. ಗುದ್ದಲಿಲ್ಲ, ಇಟ್ಟ.

ಮೊದಲು ಎದ್ದವನು ಕ್ರಿಶ್ಪಿನ್. “ಮಾವ, ನೀವು ಏಳ್ಬೇಡಿ. ಮಂಡಿ ನೋವು,” ಎಂದು ಚಾಪೆಯಿಂದ ಕೆಳಗಿಳಿದ. ಅವನ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಎದ್ದರು. ಜುವೆನ್ಸಿಯು ಚಪ್ಪಲಿ ಹುಡುಕಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. “ಪರ್ವಾಗಿಲ್ಲ ಬಿಡು, ದೂರ ಏನಿಲ್ಲ,” ಎಂದ ಮುಖ ಕಟ್ಟಿದವನೊಬ್ಬ. ಅವನ ಜೊತೆಯವರು ನಕ್ಕರು.

ಕಾಫಿ ತೊಳೆಯುವ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದರು. ಅಗಾಪಿತು ಕೂತಲ್ಲೇ ಕೂತಿದ್ದ. ಚಾಪೆ ಬಿಟ್ಟು ಏಳಲಿಲ್ಲ. ಗುಂಡಿನ ಸದ್ದು ಒಮ್ಮೆಗೇ ಬರಲಿಲ್ಲ. ಬಂತು, ನಿಂತಿತು, ಯಾರೋ ಏನೋ ಕೇಳಿದರು, ಮತ್ತೆ ಬಂತು. ಒತೀಲಿಯಾ ಮಗುವನ್ನು ನೆಲದ ಮೇಲಿಟ್ಟು ಅತ್ತ ಓಡಿದಳು. ಒಬ್ಬ ಅವಳ ಕೂದಲು ಹಿಡಿದು ನಿಲ್ಲಿಸಿಕೊಂಡ, ಮುಗಿಯುವವರೆಗೆ ನೋಡುವಂತೆ.

ಮುಂದಾಳು ತೊಟ್ಟಿಯ ನೀರಲ್ಲಿ ಕೈ ತೊಳೆದು ಬಂದ. ಲುಲಿಕ್ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದ, ಶಿಲುಬೆಯ ಗುರುತು ಮಾಡಿಕೊಂಡ. ಮೂವತ್ತೊಂದು ಬಂದೂಕಿನ ಆಸೆಯೂ ಅವನ ಕೈಯನ್ನು ಆ ಗಂಟಿನವರೆಗೆ ಒಯ್ಯಲಿಲ್ಲ. “ಬರ್ತೀವಿ ಅಜ್ಜ,” ಎಂದು ಹೇಳಿಯೇ ಹೋದ.

ಸಂಜೆಯವರೆಗೆ ಬಿಳಿ ಗಾಡಿ ಬರಲಿಲ್ಲ.

ಹೆಣಗಳನ್ನು ಅವರವರ ಊರಿನವರು ಬಂದು ಹೊತ್ತರು. ಕ್ರಿಶ್ಪಿನ್‌ನನ್ನು ಅವನ ತಾಯಿ ಮದಲೆನಾಳ ಊರು ಲೊರೆಮಾನುವಿಗೆ ಒಯ್ದರು. ಮದುವೆಯ ತೆರ ಪೂರಾ ಸಂದ ಹೆಣ್ಣು ಗಂಡನ ಮನೆಯವಳು, ಒತೀಲಿಯಾ ಹೆಣದ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ. ಚಾಪೆ ಇನ್ನೂ ಹಾಸಿಯೇ ಇದ್ದುದರಿಂದ ಅಗಾಪಿತು ಎಲ್ಲೆ ದಾಟುವಂತಿರಲಿಲ್ಲ. ಅಳಿಯನ ಮಣ್ಣಿಗೆ ಹೋಗಲಿಲ್ಲ. ಏಳನೇ ದಿನ ಗೋರಿಗೆ ಕಹಿ ಹೂವು ಏರಿಸುವುದಕ್ಕೂ ಹೋಗಲಿಲ್ಲ. ಮಳೆ ಬಂದರೆ ಚಾಪೆಗೆ ಬಾಳೆ ಎಲೆ ಹೊದಿಸಿ ಪಕ್ಕದಲ್ಲಿ ಕೂರುತ್ತಿದ್ದ. ಊರಿನವರು ಆ ದಾರಿ ಬಿಟ್ಟು ಸುತ್ತು ಹಾದಿ ಹಿಡಿದರು.

ದಿಲಿಗೆ ಪರದೇಶದ ಸೈನ್ಯಗಳು ಇಳಿದು, ದಾರಿ ಸರಿಯಾಗಿ, ಹದಿನೆಂಟನೇ ದಿನ ರಾಯಭಾರಿ ಬಂದ. ಬೂಟು ಕಳಚಿ ಅದೇ ಜಾಗದಲ್ಲಿ ಕೂತ. ಅವನ ಮುಖ ಇಳಿದಿತ್ತು, ನಿದ್ದೆ ಕೆಟ್ಟಿದ್ದು ಕಾಣುತ್ತಿತ್ತು. ಕೆಟ್ಟ ಮನುಷ್ಯನಲ್ಲ ಅವನು. ಕೆಟ್ಟವನಾಗಿದ್ದರೆ ಅಗಾಪಿತುವಿಗೆ ಸುಲಭವಾಗುತ್ತಿತ್ತು.

“ಆಳವಾದ ವಿಷಾದ ವ್ಯಕ್ತಪಡಿಸ್ತಿದಾರೆ,” ಎಂದ ಫ್ಲೊರೆನ್ಸಿಯು, ಚಾಪೆಯ ಹೆಣಿಗೆ ನೋಡುತ್ತ.

“ಐದನೇ ದಿನ ಅಂದಿದ್ರು.”

“ಪರಿಸ್ಥಿತಿ ಬದಲಾಯ್ತು ಅಂತಾರೆ. ನೀವು ಬಾಗ್ಲು ತೆಗೀದೆ ಇದ್ದದ್ದು ದೊಡ್ಡ ವಿವೇಕ ಅಂತಾರೆ. ತೆಗೆದಿದ್ರೆ ಇಲ್ಲಿ ರಕ್ತ ಹರೀತಿತ್ತು ಅಂತೆ.”

“ಹರಿದಿದೆಯಲ್ಲ. ತೊಟ್ಟಿ ಹಿಂದೆ ಹೋಗಿ ನೋಡಕ್ಕೆ ಹೇಳು.”

ಫ್ಲೊರೆನ್ಸಿಯು ಅದನ್ನೂ ಹೇಳಿದ. ರಾಯಭಾರಿ ಕಣ್ಣು ಮುಚ್ಚಿ, ಎಷ್ಟು ಹೊತ್ತು ತಲೆ ಬಾಗಿಸಬೇಕೋ ಅಷ್ಟು ಹೊತ್ತು ಬಾಗಿಸಿದ. ಆಮೇಲೆ ಗಡಿಯಾರ ನೋಡಿದ.

ಮಾತು ಆಡಿದವನು ಮರಳಿ ಬಂದು ಕೂತಿದ್ದಾನೆ. ಎದುರು ಕೂರಬೇಕಾದವರು ಮಣ್ಣಿನಲ್ಲಿದ್ದಾರೆ, ಉಳಿದವರು ಎಲ್ಲೆ ದಾಟಿದ್ದಾರೆ. ಇನ್ನು ಕಾಯುವುದಕ್ಕೆ ಯಾರೂ ಇಲ್ಲ. ಕಟ್ಟಳೆಯ ಪ್ರಕಾರ ಮಾತು ಮುಗಿಯಿತು. ಅಗಾಪಿತು ಗರಿಯ ಗಂಟು ಬಿಚ್ಚಿದ. ಬಂದೂಕುಗಳು ಹೊರಗೆ ಬಂದವು. ಅವುಗಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ಹಿಂದೆ ರಾಯಭಾರಿಯನ್ನೂ ಅಗಾಪಿತುವನ್ನೂ ನಿಲ್ಲಿಸಿ ಫೋಟೊ ತೆಗೆದರು. “ಸ್ವಲ್ಪ ಹತ್ರ ಬನ್ನಿ ಅಜ್ಜ,” ಎಂದ ಫೋಟೊದವನು. ಅಗಾಪಿತು ಹತ್ತಿರ ಹೋದ.

ಎರಡು ದಿನಕ್ಕೆ ರೇಡಿಯೊ ಹೇಳಿತು: ಬೆಟ್ಟದ ಊರೊಂದರಲ್ಲಿ ಹಿರಿಯರ ಸಂಪ್ರದಾಯದ ಮೂಲಕ, ಒಂದು ಗುಂಡೂ ಹಾರದೆ, ಮೂವತ್ತೊಂದು ಬಂದೂಕುಗಳನ್ನು ಒಪ್ಪಿಸಲಾಗಿದೆ. ಇದು ನಾಡಿಗೇ ಮಾದರಿ. ಸುಳ್ಳೇನಲ್ಲ. ಆ ಬಂದೂಕುಗಳಿಂದ ಒಂದೂ ಗುಂಡು ಹಾರಿರಲಿಲ್ಲ.

ನಲವತ್ತನೇ ದಿನ ಗೋರಿಗೆ ಸಿಹಿ ಹೂವು ಏರಿಸುವ ಶಾಸ್ತ್ರಕ್ಕೆ ಅಗಾಪಿತು ಲೊರೆಮಾನುವಿಗೆ ಹೊರಟ. ಹೆಣ್ಣು ಕೊಟ್ಟ ಮನೆಯವರು ವಸ್ತ್ರ, ಹಂದಿ, ಅಕ್ಕಿ ಒಯ್ಯಬೇಕು. ಒಯ್ದ. ದಾರಿಯುದ್ದಕ್ಕೂ ಅವನು ದೇವರಲ್ಲಿ ಬೇಡಿಕೊಂಡದ್ದು ಕ್ಷಮೆಯನ್ನಲ್ಲ. ಯಾರಾದರೂ ಬೈಯಲಿ, ಮುಖಕ್ಕೆ ಉಗಿಯಲಿ, ಮದಲೆನಾ ಕೈಗೆ ಸಿಕ್ಕ ಕಲ್ಲು ತೆಗೆದು ಎಸೆಯಲಿ. ಬೈದರೆ ಅದು ಜಗಳ. ಜಗಳವಾದರೆ ಅದಕ್ಕೊಂದು ಚಾಪೆ ಇದೆ.

ಯಾರೂ ಬೈಯಲಿಲ್ಲ. ಮದಲೆನಾ ಊರ ಬಾಗಿಲಿನವರೆಗೆ ಬಂದು, ಬಾಗಿ, ಬುಗ್ಗೆಯ ಮನೆಯವನ ಕೈಗೆ ಮುತ್ತಿಟ್ಟಳು. “ಇಷ್ಟು ದೂರ ನಡ್ಕೊಂಡ್ ಬಂದ್ರಿ, ನಮ್ ಭಾಗ್ಯ,” ಎಂದಳು. ಎತ್ತರದ ಪೀಠ ಹಾಕಿದರು. ಮೊದಲ ವೀಳ್ಯ ಅವನಿಗೆ. ಹೂವು ಏರಿಸುವಾಗ ಮೊದಲ ಕೈ ಅವನದು. ಹದಿನೈದು ಇಪ್ಪತ್ತು ಜೊತೆ ಕಣ್ಣುಗಳು ಅವನ ಮೇಲಿದ್ದವು, ಒಂದರಲ್ಲೂ ಏನೂ ಇರಲಿಲ್ಲ.

“ಮದಲೆನಾ,” ಎಂದ ಅವನು. “ನಾನು ಒಂದು ಮಾತು...”

“ಮಾತೆಲ್ಲ ಯಾಕೆ ದೊಡ್ಡೋರೆ? ಆಗ್ಬೇಕಾದ್ದು ಆಯ್ತು. ಊಟ ಮಾಡಿ.”

ಮೇಕೆಯ ಮಾಂಸ, ಕೆಂಪಕ್ಕಿಯ ಅನ್ನ. ಬಡಿಸಲು ಬಂದವಳು ಒತೀಲಿಯಾ. ಮೈತುಂಬ ಕಪ್ಪು. ಮಗು ಬೇರೆ ಯಾರದೋ ತೊಡೆಯ ಮೇಲೆ ಇತ್ತು.

“ಮಗ್ಳೆ,” ಎಂದ ಅಗಾಪಿತು ಮೆಲ್ಲನೆ.

“ಉಪ್ಪು ಸರಿ ಇದೆಯಾ ನೋಡಿ,” ಎಂದಳು ಒತೀಲಿಯಾ. ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವಳು.

“ಒಂದ್ಸಲ ಬೈದ್ಬಿಡಮ್ಮ.”

“ಬುಗ್ಗೆ ಮನೆಯವ್ರನ್ನ ಬೈದ್ರೆ ನಮ್ ಮನೆಗೆ ಒಳ್ಳೇದಾಗುತ್ತಾ? ಇನ್ನೊಂದ್ ತುಂಡು ಹಾಕ್ತೀನಿ.”

ಅಳಿಯನ ಮನೆಯಲ್ಲಿ ಬಡಿಸಿದ್ದನ್ನು ಬಿಟ್ಟು ಏಳುವುದು ಆ ಮನೆಗೆ ಮಾಡಿದ ಅವಮಾನ. ಅಗಾಪಿತು ತುತ್ತು ಎತ್ತಿದ. ಬಾಯಿ ಒಣಗಿತ್ತು, ಮಾಂಸ ಹಲ್ಲಿನ ನಡುವೆ ಹೊರಳಾಡಿತು. ನುಂಗಿದ. ಎಲೆಯಲ್ಲಿ ಜಾಗವಾದ ಕೂಡಲೇ ಒತೀಲಿಯಾ ಬಾಗಿ ಮತ್ತೆ ಹಾಕಿದಳು. ಸುತ್ತ ಕೂತ ಜನ ಅವನು ಮುಗಿಸಲಿ ಎಂದು ಕೈ ಕಟ್ಟಿಕೊಂಡು, ಬಹಳ ಗೌರವದಿಂದ, ಕಾಯುತ್ತಿದ್ದರು. ಅವನು ಉಂಡ. ಅವಳು ಬಡಿಸುತ್ತಲೇ ಇದ್ದಳು.